ಇಪ್ಪತ್ತೊಂದನೇ ಅಕ್ಷರ

ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಹೇಗೋ ಆಗಿಬಿಡುತ್ತದೆ. ಹುಡುಕಿದ್ದನ್ನು ಬರೆದಿಟ್ಟು, ಸಾಲಿನಲ್ಲಿ ನಿಲ್ಲಿಸಿ, ‘ನೀನು ಇವತ್ತು, ನೀನು ಮುಂದಿನ ವರ್ಷ, ನೀನು ಬೇಡವೇ ಬೇಡ’ ಎಂದು ಹೇಳುವುದಿದೆಯಲ್ಲ, ತಂಡಗಳು ಬೆವರುವುದು ಅಲ್ಲಿ. ಮಂಗಳನ ನೌಕೆಯಿಂದ ಆಸ್ಪತ್ರೆಯ ಬಿಲ್ ಕೌಂಟರಿನವರೆಗೆ, ಬಗ್‌ಗಳ ಸರತಿ ಸಾಲಿನ ಕಥೆ.

ರಾತ್ರಿ ಒಂಬತ್ತೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಟ್ಟಡ, ಆರನೇ ಮಹಡಿ. ಗಾಜಿನಾಚೆ ಹೌಸ್‌ಕೀಪಿಂಗ್‌ನ ಹೆಂಗಸು ಕಸದ ಡಬ್ಬಿ ಖಾಲಿ ಮಾಡುತ್ತಿದ್ದಾರೆ. ಗಾಜಿನೊಳಗೆ ನಾವು ಐದು ಜನ, ಅರ್ಧ ತಿಂದಿಟ್ಟ ಎಗ್ ಪಫ್, ಗೋಡೆಯ ಪರದೆಯ ಮೇಲೆ ಅಮೆರಿಕದ ಮೂರು ಮುಖ. ಅವರಿಗದು ಬೆಳಗಿನ ಕಾಫಿಯ ಹೊತ್ತು.

ಪರದೆಯ ಇನ್ನರ್ಧದಲ್ಲಿ ಒಂದು ಪಟ್ಟಿ. 43 ಸಾಲು. ಒಂದೊಂದು ಸಾಲೂ ಒಂದೊಂದು ಬಗ್. ಬಿಡುಗಡೆಗೆ ಉಳಿದಿರುವುದು 9 ದಿನ.

‘ನೆಕ್ಸ್ಟ್’ ಎಂದರು ಮ್ಯಾನೇಜರ್.

27ನೇ ಸಾಲು. ಆಸ್ಪತ್ರೆಗಳ ಬಿಲ್ ಮಾಡುವ ತಂತ್ರಾಂಶ ಅದು. ಮೂಲತಃ ಅಮೆರಿಕದ ಆಸ್ಪತ್ರೆಗಳಿಗೆ ಮಾಡಿದ್ದು, ಆಮೇಲೆ ಇಲ್ಲಿನ ಕೆಲವು ಆಸ್ಪತ್ರೆಗಳಿಗೂ ಮಾರಾಟವಾಗಿತ್ತು. ರೋಗಿಯ ಹೆಸರು 20 ಇಂಗ್ಲಿಷ್ ಅಕ್ಷರ ದಾಟಿದರೆ ಮಿಕ್ಕಿದ್ದು ರಸೀದಿಯ ಮೇಲೆ ಬೀಳುತ್ತಿರಲಿಲ್ಲ. ಅದನ್ನು ಪತ್ತೆ ಮಾಡಿ ಪಟ್ಟಿಗೆ ಹಾಕಿದ ಟೆಸ್ಟರ್ ನಾನೇ.

‘20 ಅಕ್ಷರ ದಾಟೋ ಹೆಸರು ಎಷ್ಟು ಜನಕ್ಕಿರುತ್ತೆ?’ ಪರದೆಯಿಂದ ಪ್ರಶ್ನೆ.

ಚನ್ನಬಸವೇಶ್ವರಯ್ಯ ಎಂದು ಟೈಪ್ ಮಾಡಿ ತೋರಿಸಿದೆ. ಇಂಗ್ಲಿಷಿನಲ್ಲಿ 21 ಅಕ್ಷರ. ಇನಿಷಿಯಲ್ ಇನ್ನೂ ಸೇರಿಲ್ಲ. ರಸೀದಿಯಲ್ಲಿ ಕೊನೆಯ ‘ಎಚ್’ ಮಾಯ. ಎಲ್ಲರೂ ನಕ್ಕರು. ನಾನೂ ನಕ್ಕೆ.

‘ಡೇಟಾಬೇಸ್‌ನಲ್ಲಿ ಪೂರ್ತಿ ಹೆಸರು ಇದೆ ತಾನೇ? ದುಡ್ಡಿನ ಲೆಕ್ಕ ತಪ್ಪಲ್ಲ ತಾನೇ? ವರ್ಕ್‌ಅರೌಂಡ್ ಇದೆಯಾ?’

‘ಇದೆ. ಬೇಕಿದ್ದೋರು ಕೈಯಲ್ಲಿ ಬರೀಬಹುದು.’

‘ಪಿ-ಫೋರ್. ನೆಕ್ಸ್ಟ್.’

ಹೆಚ್ಚೆಂದರೆ ನಲವತ್ತು ಸೆಕೆಂಡು ಹಿಡಿದಿರಬಹುದು. ಪಿ-ಫೋರ್ ಎಂದರೆ ನಾಲ್ಕನೇ ಆದ್ಯತೆ. ತಂತ್ರಾಂಶದ ಮಂದಿಯ ಒಳಮಾತಿನಲ್ಲಿ ಹೇಳುವುದಾದರೆ, ‘ನೋಡೋಣ ಬಿಡಿ’.

ಮೊರದ ಕೆಲಸ

ಇಂಥ ಸಭೆಗೆ ಟ್ರಯಾಜ್ ಎಂದು ಹೆಸರು. ಪದ ಫ್ರೆಂಚಿನದು, ಆರಿಸುವುದು, ವಿಂಗಡಿಸುವುದು ಎಂದರ್ಥ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರನ್ನು ಮೊದಲು ನೋಡಬೇಕೆಂದು ನಿರ್ಧರಿಸುವುದಕ್ಕೂ ಇದೇ ಪದ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ಗಾಯಾಳುವಿನ ಹುದ್ದೆ ನೋಡದೆ ಗಾಯ ನೋಡಿ ಸರದಿ ಕೊಟ್ಟ. ಆ ಪದ್ಧತಿಗೇ ಮುಂದೆ ಈ ಹೆಸರು ಅಂಟಿತು.

ಆದರೆ ಯುದ್ಧಭೂಮಿಗೆ ಹೋಗುವ ಮೊದಲು ಈ ಪದ ಉಣ್ಣೆಯ ಮಂಡಿಯಲ್ಲಿತ್ತು, ಕಾಫಿಯ ಮಂಡಿಯಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾಫಿ ವ್ಯಾಪಾರಿಗಳ ಬಾಯಲ್ಲಿ ‘ಟ್ರಯಾಜ್’ ಎಂದರೆ ಆರಿಸಿ ಉಳಿದ ಒಡಕು ಬೀಜ, ಕಡೆಯ ದರ್ಜೆಯ ಮಾಲು. ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸಿದ ಹೆಂಗಸರಿಗೆ ನಮ್ಮ ರಾತ್ರಿ ಸಭೆಯ ಕೆಲಸ ಏನೆಂದು ವಿವರಿಸುವ ಅಗತ್ಯವೇ ಇಲ್ಲ.

ಒಂದೇ ತೊಡಕು. ಒಡಕು ಕಾಫಿಬೀಜ ಯಾರು ನೋಡಿದರೂ ಒಡಕೇ. ಬಗ್ ಹಾಗಲ್ಲ.

ಅದಕ್ಕೇ ಈ ಕಸುಬಿನಲ್ಲಿ ಒಂದೊಂದು ಬಗ್‌ಗೂ ಎರಡೆರಡು ಅಂಕ ಕೊಡುತ್ತಾರೆ. ಒಂದು, ತೀವ್ರತೆ: ಪೆಟ್ಟು ಎಷ್ಟು ದೊಡ್ಡದು? ಇನ್ನೊಂದು, ಆದ್ಯತೆ: ಎಷ್ಟು ಬೇಗ ಸರಿಪಡಿಸಬೇಕು? ಎರಡೂ ಒಂದೇ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಫೆಬ್ರುವರಿ 29ರಂದು ಮಾತ್ರ ಇಡೀ ವರದಿ ವ್ಯವಸ್ಥೆ ಕುಸಿದು ಬೀಳುತ್ತದೆ ಎನ್ನಿ. ತೀವ್ರತೆ ಭಯಂಕರ, ಆದರೆ ಮುಂದಿನ ಅಧಿಕ ವರ್ಷ ಮೂರು ವರ್ಷ ದೂರವಿದ್ದರೆ ಯಾರೂ ನಿದ್ದೆಗೆಡುವುದಿಲ್ಲ. ಅದೇ, ಮೊದಲ ಪುಟದಲ್ಲಿ ಕಂಪನಿಯ ಹೆಸರಿನ ಒಂದಕ್ಷರ ತಪ್ಪಿದ್ದರೆ? ಯಾರಿಗೂ ಪೆಟ್ಟಿಲ್ಲ, ಆದರೂ ಬೆಳಗಾಗುವುದರೊಳಗೆ ಸರಿಯಾಗಿರುತ್ತದೆ. ಎಂಡಿ ನೋಡುವ ಪುಟವಲ್ಲವೇ ಅದು.

ತೀವ್ರತೆ ಹೇಳುವವನು ಟೆಸ್ಟರ್. ಆದ್ಯತೆ ಹೇಳುವುದು ತಂಡ, ಅಂದರೆ ದುಡ್ಡು, ಗಡುವು, ದೊಡ್ಡ ಗಿರಾಕಿ, ದೊಡ್ಡ ದನಿ. ಜಗಳ ಹುಟ್ಟುವುದೆಲ್ಲ ಈ ಎರಡರ ನಡುವಿನ ಸಂದಿಯಲ್ಲಿ.

ಪತಂಗಕ್ಕಿಂತ ಟೇಪು ಮುಖ್ಯ

ಪ್ರತಿ ಸೆಪ್ಟೆಂಬರ್ 9ಕ್ಕೆ ತಂತ್ರಾಂಶ ಲೋಕ ಒಂದು ಸತ್ತ ಪತಂಗವನ್ನು ನೆನೆಯುತ್ತದೆ. 1947ರ ಆ ದಿನ ಹಾರ್ವರ್ಡ್ ಮಾರ್ಕ್-2 ಎಂಬ ಕೋಣೆಗಾತ್ರದ ಗಣಕಯಂತ್ರದ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ದಿನಚರಿ ಪುಸ್ತಕಕ್ಕೆ ಅಂಟಿಸಿ, ಬಗ್ ನಿಜವಾಗಿಯೂ ಸಿಕ್ಕ ಮೊದಲ ಪ್ರಕರಣ ಎಂದು ತಮಾಷೆಯಾಗಿ ಬರೆದರು. ಆ ಪುಟ ಇವತ್ತು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದ ಸ್ವತ್ತು.

ಬಗ್ ಎಂಬ ಪದ ಹುಟ್ಟಿದ್ದೇ ಅಲ್ಲಿ ಎಂದು ಹಲವರು ಬರೆದಿದ್ದಾರೆ. ಸುಳ್ಳು. 1878ರಲ್ಲೇ ಥಾಮಸ್ ಎಡಿಸನ್ ತನ್ನ ಪತ್ರವೊಂದರಲ್ಲಿ ಯಂತ್ರದ ಸಣ್ಣಪುಟ್ಟ ಕಾಟಗಳನ್ನು ಇದೇ ಹೆಸರಿನಿಂದ ಕರೆದಿದ್ದ. ಪತಂಗ ಹಿಡಿದದ್ದು ಗಣಕವಿಜ್ಞಾನಿ ಗ್ರೇಸ್ ಹಾಪರ್ ಎಂಬುದೂ ಸರಿಯಲ್ಲ. ಆ ಕಥೆಯನ್ನು ಊರೆಲ್ಲ ಹೇಳಿ ಹಬ್ಬಿಸಿದ್ದು ಆಕೆ.

ನನಗೆ ಆ ಪುಟದಲ್ಲಿ ಪತಂಗಕ್ಕಿಂತ ಇಷ್ಟವಾಗುವುದು ಅದರ ಸುತ್ತಲಿನ ಬರಹ. ಗಂಟೆ: 15:45. ಜಾಗ: ಪ್ಯಾನೆಲ್ ಎಫ್, ರಿಲೇ ಸಂಖ್ಯೆ 70. ಸಾಕ್ಷ್ಯ: ಟೇಪು ಹಾಕಿ ಅಂಟಿಸಿದ ಶವ. ಯಾವಾಗ, ಎಲ್ಲಿ, ಏನು ಎಲ್ಲವೂ ಇದೆ. ಇವತ್ತು ಎಷ್ಟೋ ಎಂಜಿನಿಯರುಗಳು ಬರೆಯುವ ‘ಲಾಗಿನ್ ಆಗ್ತಿಲ್ಲ, ಅರ್ಜೆಂಟ್’ ಎಂಬ ಒಂದು ಸಾಲಿನ ದೂರಿಗಿಂತ ಅದು ಸಾವಿರ ಪಾಲು ಮೇಲು.

> ಜೀರಿಗೆಯಲ್ಲ, ದೈತ್ಯ
>
> ಬಗ್‌ಗಳ ಪಟ್ಟಿ ಇಡುವ ‘ಜಿರಾ’ ತಂತ್ರಾಂಶದ ಹೆಸರು ಮೊದಲ ಸಲ ಕೇಳಿದಾಗ ಬೆಂಗಳೂರಿನ ಹೊಸ ಹುಡುಗರಿಗೆ ಜೀರಾ ರೈಸ್ ನೆನಪಾಗುತ್ತದೆ. ಅಸಲಿಗೆ ಅದು ಜಪಾನಿ ಸಿನಿಮಾದ ದೈತ್ಯ ಗಾಡ್ಜಿಲ್ಲಾ. ನೆಟ್‌ಸ್ಕೇಪ್‌ನ ಟೆರಿ ವೈಸ್‌ಮನ್ ರೂಪಿಸಿದ, 1998ರಲ್ಲಿ ಮೊಜಿಲ್ಲಾ ಯೋಜನೆಯೊಂದಿಗೆ ಎಲ್ಲರಿಗೂ ಮುಕ್ತವಾದ ಪಟ್ಟಿಯ ಹೆಸರು ‘ಬಗ್‌ಜಿಲ್ಲಾ’. ಸಿಡ್ನಿಯ ಅಟ್ಲಾಸಿಯನ್ ಕಂಪನಿಯವರೂ ಮೊದಲು ಅದನ್ನೇ ಬಳಸುತ್ತಿದ್ದರು. 2002ರಲ್ಲಿ ತಮ್ಮದೇ ಉತ್ಪನ್ನ ಹೊರತಂದಾಗ ಗಾಡ್ಜಿಲ್ಲಾದ ಜಪಾನಿ ಹೆಸರು ‘ಗೊಜಿರಾ’ ತೆಗೆದುಕೊಂಡು ಅದರ ತಲೆ ಕತ್ತರಿಸಿದರು.

ಗೊತ್ತಿತ್ತು, ಬರೆದಿರಲಿಲ್ಲ

1999ರ ಸೆಪ್ಟೆಂಬರ್ 23. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಮರೆಗೆ ಸರಿಯಿತು. ಮತ್ತೆ ಅದರ ಸದ್ದಿಲ್ಲ. ಭೂಮಿ ಬಿಟ್ಟು ಒಂಬತ್ತು ತಿಂಗಳಾಗಿತ್ತು.

ಕಾರಣ ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಡೆನ್ವರಿನ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯ ತಂತ್ರಾಂಶ ನೌಕೆಯ ಸಣ್ಣ ನೂಕುಬಲಗಳನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು. ಪಸಡೀನದ ನಾಸಾ ಪ್ರಯೋಗಾಲಯ ಜೆಪಿಎಲ್‌ನವರು ಅದನ್ನು ನ್ಯೂಟನ್ ಎಂದುಕೊಂಡು ದಾರಿ ಲೆಕ್ಕ ಹಾಕುತ್ತಿದ್ದರು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ವರೆಗೆ ಇಳಿದಿತ್ತು.

ಎಲ್ಲರೂ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಪಟ್ಟಿ ಕಾಯುವ ಕೆಲಸ ಮಾಡಿದ ನನ್ನಂಥವನಿಗೆ ಅದು ಶುರುವಾಗುವುದೇ ಇಲ್ಲಿಂದ.

ತನಿಖಾ ಮಂಡಳಿಯ ವರದಿಯ ಪ್ರಕಾರ, ಲೆಕ್ಕ ಎಲ್ಲೋ ತಾಳೆಯಾಗುತ್ತಿಲ್ಲ ಎಂಬುದು ದಾರಿ ನೋಡುವ ತಂಡಕ್ಕೆ ನೌಕೆ ಕಳೆದುಹೋಗುವ ಎಷ್ಟೋ ಮೊದಲೇ ಕಂಡಿತ್ತು. ಇಂಥ ಅನುಮಾನಗಳನ್ನು ದಾಖಲಿಸಿ, ಸಂಖ್ಯೆ ಕೊಟ್ಟು, ಮುಗಿಯುವವರೆಗೆ ಬೆನ್ನು ಹತ್ತುವ ಅಧಿಕೃತ ವ್ಯವಸ್ಥೆಯೂ ಅಲ್ಲಿತ್ತು. ಯಾರೂ ಅದನ್ನು ಬಳಸಲಿಲ್ಲ. ಇಮೇಲ್ ಕಳಿಸಿದರು, ಮಾತಾಡಿಕೊಂಡರು. ಇಮೇಲಿನ ರಾಶಿಯಲ್ಲಿ ವಿಷಯ ಸೋರಿಹೋಯಿತು.

ನಮ್ಮ ಆಫೀಸುಗಳಲ್ಲಿ ಇದು ದಿನವೂ ನಡೆಯುತ್ತದೆ. ಲಿಫ್ಟಿನಲ್ಲಿ ಸಿಕ್ಕ ಡೆವಲಪರ್‌ಗೆ ‘ಗುರು, ಅಲ್ಲೊಂದು ಏನೋ ಸರಿ ಇಲ್ಲ, ನೋಡು’ ಎಂದು ಹೇಳುತ್ತೇವೆ. ಅವನು ‘ಹ್ಞೂಂ’ ಎನ್ನುತ್ತಾನೆ. ಲಿಫ್ಟ್ ತೆರೆಯುತ್ತದೆ. ಅಲ್ಲಿಗೆ ಬಗ್‌ನ ಜವಾಬ್ದಾರಿ ಇಬ್ಬರ ಹೆಗಲಿನಿಂದಲೂ ಇಳಿದುಹೋಗುತ್ತದೆ; ಹೇಳಿದ್ದೇನೆ ಎಂದು ನನಗೆ ಸಮಾಧಾನ, ಟಿಕೆಟ್, ಅಂದರೆ ಪಟ್ಟಿಯಲ್ಲಿ ದಾಖಲಾದ ದೂರು, ಬಂದಿಲ್ಲ ಎಂದು ಅವನಿಗೆ. ಪಟ್ಟಿಯಲ್ಲಿ ಒಂದು ಸಂಖ್ಯೆ, ಅದರ ಮುಂದೆ ಒಬ್ಬನ ಹೆಸರು. ಈ ಎರಡಕ್ಕೆ ಇರುವ ಶಕ್ತಿ ಎಂಥ ಜಾಣರ ಗೆಳೆತನಕ್ಕೂ ಇಲ್ಲ.

‘ನನ್ನ ಮಷೀನಲ್ಲಿ ಸರಿಯಾಗೇ ಇದೆ’

ಬರೆದರಷ್ಟೇ ಸಾಲದು. ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡುವಂತಿರಬೇಕು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು: ಒಳ್ಳೆಯ ದೂರಿನಲ್ಲಿ ಇರಬೇಕಾದ್ದು ಇಷ್ಟೇ. ಇಷ್ಟು ಇಲ್ಲದಿದ್ದರೆ ಡೆವಲಪರ್‌ನ ಉತ್ತರ ಸಿದ್ಧ: ‘ನನ್ನ ಮಷೀನಲ್ಲಿ ಸರಿಯಾಗೇ ಇದೆ.’ ಟಿಕೆಟ್ ಮುಚ್ಚಿಹೋಗುತ್ತದೆ.

ಈ ಉತ್ತರ ಎಂಥ ಘೋರಕ್ಕೆ ದಾರಿಯಾಗಬಹುದು ಎಂಬುದಕ್ಕೆ ಥೆರಾಕ್-25 ಇದೆ. ಕೆನಡಾದ ಸರ್ಕಾರಿ ಸಂಸ್ಥೆ ಎಇಸಿಎಲ್ ತಯಾರಿಸಿದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985 ಮತ್ತು 1987ರ ನಡುವೆ ಅದು ಆರು ಮಂದಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕೆಲವರು ಅದರಿಂದಲೇ ಸತ್ತರು.

1986ರ ಮಾರ್ಚ್ 21ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಪಟ್ಟಣದಲ್ಲಿ ಯಂತ್ರ ನಡೆಸುತ್ತಿದ್ದಾಕೆ ಒಂದಕ್ಷರ ತಪ್ಪಾಗಿ ಒತ್ತಿದರು. ಎಲೆಕ್ಟ್ರಾನ್‌ಗೆ ‘ಇ’ ಒತ್ತಬೇಕಿತ್ತು, ಎಕ್ಸ್-ರೇಯ ‘ಎಕ್ಸ್’ ಬಿತ್ತು. ಪಳಗಿದ ಕೈ, ಕರ್ಸರ್ ಮೇಲೆ ಒಯ್ದು ಚಕಚಕನೆ ತಿದ್ದಿದರು. ತೆರೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಬಂತು. ಹಾಗೆಂದರೇನು ಎಂದು ಕೈಪಿಡಿ ವಿವರಿಸಿರಲಿಲ್ಲ. ಆ ಯಂತ್ರ ಕೆಲವು ದಿನ ನಲವತ್ತರಷ್ಟು ಸಲ ಹೀಗೇ ಏನಾದರೊಂದು ಸಂದೇಶ ತೋರಿಸುತ್ತಿತ್ತು. ಒಂದು ಕೀಲಿ ಒತ್ತಿ ಮುಂದುವರಿಯುವುದು ಎಲ್ಲರಿಗೂ ರೂಢಿಯಾಗಿತ್ತು. ಎಲ್ಲ ಎಚ್ಚರಿಕೆಗಳೂ ಒಂದೇ ದನಿಯಲ್ಲಿ ಕೂಗಿದರೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಕಂಪನಿಯ ಎಂಜಿನಿಯರುಗಳು ಬಂದರು, ನೋಡಿದರು. ದೋಷ ಅವರ ಕೈಯಲ್ಲಿ ಮರುಕಳಿಸಲಿಲ್ಲ. ಬೇರೆಲ್ಲೂ ಹೀಗೆ ಆದದ್ದು ತಿಳಿಯದು ಎಂದರು. ಅಷ್ಟರಲ್ಲಾಗಲೇ ಕೆನಡಾದ ಹ್ಯಾಮಿಲ್ಟನ್‌ನಲ್ಲೂ ಅಮೆರಿಕದ ಯಾಕಿಮಾದಲ್ಲೂ ಅನಾಹುತವಾಗಿ ದೂರು ಹೋಗಿತ್ತು. ಒಂದು ಆಸ್ಪತ್ರೆಯ ದೂರು ಇನ್ನೊಂದರ ಕಣ್ಣಿಗೆ ಬೀಳುವಂಥ ಒಂದೇ ಪಟ್ಟಿ ಎಲ್ಲೂ ಇರಲಿಲ್ಲ. ಯಂತ್ರ ಮತ್ತೆ ಚಾಲೂ ಆಯಿತು. ಏಪ್ರಿಲ್ 11ರಂದು ಅದೇ ಕೋಣೆಯಲ್ಲಿ ಇನ್ನೊಬ್ಬ ರೋಗಿ, ಅದೇ 54.

ಈ ಸಲ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರ ನಿಲ್ಲಿಸಿ, ಆ ಆಪರೇಟರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವರು ಅಂದು ಮಾಡಿದ್ದನ್ನೆಲ್ಲ ಮತ್ತೆ ಮತ್ತೆ ಮಾಡಿಸಿದರು. ಕಡೆಗೆ ಬೇಕೆಂದಾಗಲೆಲ್ಲ ‘54’ ಬರತೊಡಗಿತು. ಗುಟ್ಟು ಇದ್ದದ್ದು ವೇಗದಲ್ಲಿ. ತಿದ್ದುಪಡಿ ಎಂಟು ಸೆಕೆಂಡಿನೊಳಗೆ ಮುಗಿದರೆ ಯಂತ್ರದ ತಂತ್ರಾಂಶ ಅದನ್ನು ಪೂರ್ತಿ ಗಮನಿಸುತ್ತಿರಲಿಲ್ಲ. ಕಂಪನಿಯ ಎಂಜಿನಿಯರು ನಿಧಾನಕ್ಕೆ ಟೈಪ್ ಮಾಡುತ್ತಿದ್ದರು. ದಿನವೂ ಅದೇ ಕೆಲಸ ಮಾಡುವವರ ಬೆರಳು ಅಷ್ಟು ನಿಧಾನವಾಗಿ ಓಡುವುದಿಲ್ಲ.

> ಬಗ್‌ಗೆ 2 ಡಾಲರ್ 56 ಸೆಂಟ್
>
> ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರ್ ಚೆಕ್ ಬರೆದುಕೊಡುತ್ತಿದ್ದರು. 256 ಸೆಂಟ್ ಎಂದರೆ, ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ ‘ಒಂದು ಡಾಲರ್’. ಅವರ ಅಕ್ಷರ ಜೋಡಣೆಯ ತಂತ್ರಾಂಶ ‘ಟೆಕ್’ನ ದೋಷಕ್ಕೆ ಬಹುಮಾನ ದುಪ್ಪಟ್ಟಾಗುತ್ತ ಹೋಗಿ 327.68 ಡಾಲರಿಗೆ ನಿಂತಿತು. ಚೆಕ್ ನಗದು ಮಾಡಿಸಿಕೊಂಡವರು ಕಡಿಮೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೇ ಹೆಚ್ಚು. ಟೆಕ್‌ನಲ್ಲಿ ತಾವು ಮಾಡಿದ ತಪ್ಪುಗಳನ್ನೆಲ್ಲ ಬರೆದಿಟ್ಟುಕೊಂಡು ಕ್ನೂತ್ 1989ರಲ್ಲಿ ಅದರ ಮೇಲೆ ಒಂದು ಪ್ರಬಂಧವನ್ನೇ ಪ್ರಕಟಿಸಿದರು.

27,000 ವರ್ಷಕ್ಕೊಮ್ಮೆ

ಆದ್ಯತೆಯ ಜಗಳಕ್ಕೆ ನನ್ನ ಮೆಚ್ಚಿನ ಉದಾಹರಣೆ ತಂತ್ರಾಂಶದ್ದಲ್ಲ, ಚಿಪ್‌ನದು. 1994ರಲ್ಲಿ ಇಂಟೆಲ್ ಪೆಂಟಿಯಂ ಭಾಗಾಕಾರದಲ್ಲಿ ಎಡವುತ್ತಿತ್ತು. ಚಿಪ್‌ನೊಳಗಿನ ಒಂದು ಮಗ್ಗಿ ಕೋಷ್ಟಕದಲ್ಲಿ ಐದು ಮನೆ ಖಾಲಿ ಉಳಿದಿದ್ದವು. ಇಂಟೆಲ್‌ಗೆ ಆ ವರ್ಷದ ನಡುವಿನಲ್ಲೇ ಇದು ಗೊತ್ತಾಗಿತ್ತು. ಮುಂದಿನ ತಯಾರಿಕೆಯಲ್ಲಿ ಸರಿಪಡಿಸಿದರಾಯಿತು ಎಂದು ಸುಮ್ಮನಿತ್ತು.

ಅತ್ತ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಮೇಷ್ಟ್ರು ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವಿಲೋಮಗಳನ್ನು ಕೂಡುತ್ತ ಕೂತಿದ್ದರು. ಉತ್ತರ ತಾಳೆಯಾಗಲಿಲ್ಲ. ತಿಂಗಳುಗಟ್ಟಲೆ ತಮ್ಮ ತಪ್ಪನ್ನೇ ಹುಡುಕಿ, ಕಡೆಗೆ ತಪ್ಪು ಚಿಪ್‌ನದೇ ಎಂದು ಖಾತ್ರಿಯಾದ ಮೇಲೆ ಅಕ್ಟೋಬರ್ 30ರಂದು ಕೆಲವರಿಗೆ ಇಮೇಲ್ ಮಾಡಿದರು. ಸುದ್ದಿ ಕಾಳ್ಗಿಚ್ಚಾಯಿತು.

ಇಂಟೆಲ್ ಲೆಕ್ಕ ಹಾಕಿ ಹೇಳಿತು: ಸಾಮಾನ್ಯ ಸ್ಪ್ರೆಡ್‌ಶೀಟ್ ಬಳಕೆದಾರನಿಗೆ ಈ ದೋಷ ಎದುರಾಗುವುದು 27,000 ವರ್ಷಕ್ಕೊಮ್ಮೆ. ನಿಮ್ಮ ಕೆಲಸಕ್ಕೆ ಇದರಿಂದ ತೊಂದರೆ ಎಂದು ತೋರಿಸಿಕೊಟ್ಟರೆ ಬದಲಿಸಿಕೊಡುತ್ತೇವೆ. ನಮ್ಮ ಸಭೆಯ ಭಾಷೆಯಲ್ಲಿ, ಪಿ-ಫೋರ್.

ಜನ ಸಿಟ್ಟಾದದ್ದು ಆ ಸಂಖ್ಯೆಯ ಮೇಲಲ್ಲ. ಲೆಕ್ಕ ಮಾಡಲೆಂದೇ ಕೊಂಡ ಯಂತ್ರ ಲೆಕ್ಕ ತಪ್ಪುತ್ತದೆ, ಅದು ನಿಮಗೆ ಮುಖ್ಯವೋ ಅಲ್ಲವೋ ಎಂಬುದನ್ನು ನಾವು ಹೇಳುತ್ತೇವೆ ಎಂಬ ಧಾಟಿಯ ಮೇಲೆ. ಡಿಸೆಂಬರ್ 12ರಂದು ಐಬಿಎಂ ಪೆಂಟಿಯಂ ಇದ್ದ ಗಣಕಗಳ ಸಾಗಣೆ ನಿಲ್ಲಿಸಿತು. 20ರಂದು ಇಂಟೆಲ್ ಮಣಿಯಿತು. ಕೇಳಿದವರಿಗೆಲ್ಲ ಹೊಸ ಚಿಪ್ ಎಂದಿತು. ಖರ್ಚು 47.5 ಕೋಟಿ ಡಾಲರ್. ತೀವ್ರತೆಯ ಲೆಕ್ಕ ಬಹುಶಃ ಅಷ್ಟೇನೂ ತಪ್ಪಿರಲಿಲ್ಲ.

ಗೊತ್ತಿದ್ದೂ ಬಿಡುವುದು

ಬಗ್ ಇಲ್ಲದ ತಂತ್ರಾಂಶ ಬಿಡುಗಡೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರು ಮಾರಾಟ ವಿಭಾಗದವರು ಎಂದು ತಿಳಿಯಿರಿ. 2000ದ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ 2000 ಮಾರುಕಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ ಕಂಪನಿಯ ಆಂತರಿಕ ಟಿಪ್ಪಣಿಯೊಂದು ಸೋರಿಕೆಯಾಯಿತು: ಪಟ್ಟಿಯಲ್ಲಿ 63,000ಕ್ಕೂ ಹೆಚ್ಚು ಸಂಭವನೀಯ ದೋಷಗಳು. ಪತ್ರಿಕೆಗಳು ಹೌಹಾರಿದವು. ಒಳಗಿನವರು ಹೌಹಾರಲಿಲ್ಲ. ಅದರಲ್ಲಿ ಯಂತ್ರ ಎತ್ತಿಕೊಟ್ಟ ಅನುಮಾನಗಳಿದ್ದವು, ಎರಡೆರಡು ಸಲ ಬಂದವಿದ್ದವು, ‘ಹೀಗಿದ್ದರೆ ಚೆನ್ನಾಗಿತ್ತು’ ಎಂಬ ಆಸೆಗಳಿದ್ದವು. ವಿಂಡೋಸ್ 2000 ಆ ಕಂಪನಿಯ ಗಟ್ಟಿ ಉತ್ಪನ್ನಗಳಲ್ಲಿ ಒಂದೆನಿಸಿತು.

ಸರಿಪಡಿಸುವುದಕ್ಕೂ ಬೆಲೆ ಇದೆ. ಒಂದು ಸಾಲು ಬದಲಿಸಿದರೆ ಇನ್ನೆಲ್ಲೋ ಎರಡು ಮುರಿಯುತ್ತವೆ. ಬಿಡುಗಡೆಯ ಹಿಂದಿನ ದಿನ ಅನುಭವಿಗಳು ಸಣ್ಣ ಬಗ್ ಮುಟ್ಟುವುದಿಲ್ಲ. ಹಳೇ ಮನೆಯ ಗೋಡೆಗೆ ಮೊಳೆ ಹೊಡೆಯಲು ಹೋಗಿ ಗಾರೆಯೇ ಕಳಚಿಬಿದ್ದ ಅನುಭವ ಇದ್ದವರಿಗೆ ಇದು ಅರ್ಥವಾಗುತ್ತದೆ.

ವೈ2ಕೆ ಇಂಥ ವಿಂಗಡಣೆಯ ಮಹಾಜಾತ್ರೆ. ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆದಿಟ್ಟ ಹಳೇ ತಂತ್ರಾಂಶಗಳಿಗೆ 2000 ಎಂಬುದು 1900 ಆಗಿ ಕಾಣುವ ಭಯ. ಗಡುವು ಮುಂದೂಡಲು ಯಾವ ಮ್ಯಾನೇಜರಿಗೂ ಆಗದು. ಜಗತ್ತಿನ ಒಟ್ಟು ಖರ್ಚು 30,000 ಕೋಟಿಯಿಂದ 60,000 ಕೋಟಿ ಡಾಲರ್ ಎಂದು ಗಾರ್ಟ್ನರ್ ಸಂಸ್ಥೆ ಅಂದಾಜಿಸಿತ್ತು. ಕೋಬಾಲ್ ಎಂಬ ಹಳೇ ಗಣಕಭಾಷೆ ಕಲಿತು ಆ ಸಾಲುಗಳನ್ನು ಹುಡುಕಿ ತಿದ್ದಿದವರಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ದಂಡಿಯಾಗಿದ್ದರು. ಇಲ್ಲಿನ ಐಟಿ ಉದ್ಯಮಕ್ಕೆ ಅಮೆರಿಕದ ದೊಡ್ಡ ಬಾಗಿಲುಗಳು ತೆರೆದದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು. ಎಲ್ಲವನ್ನೂ ತಿದ್ದಲು ಹೊತ್ತಿರಲಿಲ್ಲ. ಹಲವೆಡೆ ‘00ಯಿಂದ 20ರವರೆಗಿನ ಅಂಕೆ ಬಂದರೆ ಹೊಸ ಶತಮಾನ ಎಂದು ತಿಳಿ’ ಎಂಬಂಥ ತೇಪೆ ಹಾಕಿ, ಅಷ್ಟರೊಳಗೆ ಈ ತಂತ್ರಾಂಶವೇ ಇರುವುದಿಲ್ಲ ಬಿಡಿ ಎಂದುಕೊಂಡರು. ತಂತ್ರಾಂಶ ಇತ್ತು. ತೇಪೆಯ ಅವಧಿ ಮುಗಿದ 2020ರ ಸುಮಾರಿಗೆ ಕೆಲವು ವ್ಯವಸ್ಥೆಗಳು ಮತ್ತೆ ಕೈಕೊಟ್ಟವು. ಮುಂದೂಡಿದ ಬಗ್‌ಗೆ ಬಡ್ಡಿ ಬೆಳೆಯುತ್ತಿರುತ್ತದೆ.

> ಬಗ್ ನಂಬರ್ 1, ಮತ್ತೊಂದಿಷ್ಟು
>
> ಉಬುಂಟು ಲಿನಕ್ಸ್‌ನ ಪಟ್ಟಿಯಲ್ಲಿ ಮೊದಲನೇ ಬಗ್ ದಾಖಲಿಸಿದ್ದು ಅದರ ಸಂಸ್ಥಾಪಕ ಮಾರ್ಕ್ ಶಟಲ್‌ವರ್ತ್, 2004ರ ಆಗಸ್ಟ್ 20ರಂದು. ದೋಷ ಏನು? ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟಿನ ಕೈಯಲ್ಲಿದೆ ಎಂಬುದು! ಮೊಬೈಲ್ ಫೋನುಗಳು ಬಂದು ಲೋಕವೇ ಬದಲಾದ ಮೇಲೆ, 2013ರ ಮೇ 30ರಂದು ಅವರೇ ಅದನ್ನು ಮುಚ್ಚಿದರು.
>
> ಮೈಎಸ್‌ಕ್ಯುಎಲ್ ಡೇಟಾಬೇಸ್‌ನ 11472ನೇ ಬಗ್ ದಾಖಲಾದದ್ದು 2005ರ ಜೂನ್‌ನಲ್ಲಿ. ವರ್ಷಗಟ್ಟಲೆ ಸರಿಯಾಗದೆ ಉಳಿದಾಗ ಬಳಕೆದಾರರು ಅದರ ಕೆಳಗೆ ಹುಟ್ಟುಹಬ್ಬದ ಶುಭಾಶಯ ಬರೆಯತೊಡಗಿದರು.
>
> ಹುಡುಕಲು ಹೋದರೆ ಮಾಯವಾಗುವ ಬಗ್‌ಗೆ ‘ಹೈಸನ್‌ಬಗ್’ ಎಂದು ಹೆಸರು. ನೋಡುವ ಕ್ರಿಯೆಯೇ ನೋಡುವುದನ್ನು ಬದಲಿಸುತ್ತದೆ ಎಂದು ನೆನಪಿಸುವ ವಿಜ್ಞಾನಿ ಹೈಸನ್‌ಬರ್ಗ್‌ನಿಂದ ಬಂದದ್ದು.

ಈ ವಿಂಗಡಣೆಯನ್ನು ಬಾಗಿಲು ಹಾಕಿಕೊಂಡು ಮಾಡದ ತಂಡಗಳೂ ಇವೆ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು 1997ರಲ್ಲಿ ತಮ್ಮ ಸಾಮಾಜಿಕ ಒಪ್ಪಂದ ಬರೆದುಕೊಂಡಾಗ, ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬುದನ್ನೂ ಒಂದು ಷರತ್ತಾಗಿ ಸೇರಿಸಿದರು. ಅವರ ಇಡೀ ಬಗ್ ಪಟ್ಟಿ ಊರ ಬಾವಿಯಂತೆ. ಯಾರು ಬೇಕಾದರೂ ಇಣುಕಬಹುದು, ಯಾರು ಬೇಕಾದರೂ ದೂರು ಹಾಕಬಹುದು. ತೀವ್ರತೆಗೆ ಅವರಲ್ಲಿ ಏಳು ಮೆಟ್ಟಿಲು. ಮೇಲಿನ ಮೂರು ಮೆಟ್ಟಿಲಿನ ದೋಷಗಳನ್ನು ಹೊಸ ಆವೃತ್ತಿಯ ಬಿಡುಗಡೆಗೆ ಅಡ್ಡಿ ಎಂದೇ ಎಣಿಸುತ್ತಾರೆ. ತಾರೀಕು ಕೇಳಿದರೆ ‘ಸಿದ್ಧವಾದಾಗ’ ಎನ್ನುತ್ತಾರೆ. ಬಿಡುಗಡೆ ಹತ್ತಿರವಾದಾಗ ಊರೂರಿನಲ್ಲಿ ಸೇರಿ ಬಗ್ ಹೊಸಕುವ ಕೂಟ ನಡೆಸುತ್ತಾರೆ. ಪಿಜ್ಜಾ, ಲ್ಯಾಪ್‌ಟಾಪು, ಇಡೀ ವಾರಾಂತ್ಯ. ಸಂಬಳ ಕೊಡುವವರಿಲ್ಲದ ಜಾಗದಲ್ಲಿ ಈ ಶಿಸ್ತು ಸಾಧ್ಯವಾದದ್ದು ನನಗೆ ಈಗಲೂ ಸೋಜಿಗ.

ಸರದಿಯಲ್ಲಿ ನಮ್ಮ ಅಕ್ಷರ

2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಅಕ್ಷರ ಜಗತ್ತಿನ ಐಫೋನುಗಳನ್ನು ಮಂಡಿಯೂರಿಸಿತು. ನಮ್ಮ ‘ಜ್ಞಾ’ ಇದೆಯಲ್ಲ, ಅದರ ತೆಲುಗು ರೂಪ. ಅದಿದ್ದ ಸಂದೇಶ ಬಂದರೆ ಸಾಕು, ಸಂದೇಶದ ಆ್ಯಪ್ ಕುಸಿಯುತ್ತಿತ್ತು. ಕೆಲವೊಮ್ಮೆ ಫೋನೇ ಮತ್ತೆ ಮತ್ತೆ ಬಿದ್ದು ಏಳುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ, ಲಂಡನ್ನಿನಲ್ಲಿ, ತೆಲುಗಿನ ಗಂಧಗಾಳಿ ಇಲ್ಲದವರ ಫೋನುಗಳೂ ಬಿದ್ದವು. ಫೆಬ್ರುವರಿ 19ರಂದು ಐಒಎಸ್ 11.2.6 ಬಂದು ಎಲ್ಲ ಸರಿಯಾಯಿತು. ಸುದ್ದಿಯಾದ ಕೆಲವೇ ದಿನಗಳಲ್ಲಿ.

ಅದೇ ದೋಷ ತೆಲುಗಿನವರ ಫೋನಿನಲ್ಲಿ ಮಾತ್ರ, ಅಕ್ಷರ ಒಡೆದು ಕಾಣುವುದಕ್ಕಷ್ಟೇ ಸೀಮಿತವಾಗಿದ್ದರೆ? ಉತ್ತರ ನನಗಿಂತ ಪತ್ರಿಕಾ ಕಚೇರಿಯವರಿಗೆ ಚೆನ್ನಾಗಿ ಗೊತ್ತು. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ಅಂಟಿಸಿ ನೋಡಿ. ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ‘ರ‍್ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ತುರುಕಬೇಕು. ಎಷ್ಟೋ ಕಡೆ ಅದು ಉದುರಿಹೋಗಿ ಪದ ಉಲ್ಟಾ ಆಗುತ್ತದೆ. ನಾವು ‘ಕಂಪ್ಯೂಟರಲ್ಲಿ ಕನ್ನಡ ಅಂದ್ರೆ ಹೀಗೇ’ ಎಂದುಕೊಂಡು ಕೈಯಲ್ಲಿ ತಿದ್ದಿಕೊಂಡು ಮುಂದೆ ಹೋಗುತ್ತೇವೆ.

ಫೈರ್‌ಫಾಕ್ಸ್ ಬ್ರೌಸರ್ ಕನ್ನಡದಲ್ಲೂ ಇದೆ, ಅನುವಾದಿಸಿದವರು ಸ್ವಯಂಸೇವಕರು. ಬಗ್‌ಜಿಲ್ಲಾದಲ್ಲಿ ಕನ್ನಡಕ್ಕೆಂದೇ ಒಂದು ವಿಭಾಗವಿದೆ. ಯಾರು ಬೇಕಾದರೂ ಅಲ್ಲಿ ದೂರು ದಾಖಲಿಸಬಹುದು. ಕಾಫಿ ಕುಡಿಯುತ್ತ ಕನ್ನಡ ತಂತ್ರಾಂಶಗಳ ಬಗ್ಗೆ ಗಂಟೆಗಟ್ಟಲೆ ಗೊಣಗುವ ಗೆಳೆಯರಿಗೆ ‘ಟಿಕೆಟ್ ಹಾಕಿದೆಯೇನೋ?’ ಎಂದು ಕೇಳುವುದು ನನ್ನ ಕೆಟ್ಟ ಚಾಳಿ. ಹಾಕಿದವರು ಈವರೆಗೆ ಇಬ್ಬರು ಸಿಕ್ಕಿದ್ದಾರೆ.

27ನೇ ಸಾಲಿನ ಇನ್ನೊಂದು ತುದಿ

ಆ ರಾತ್ರಿಯ ಸಭೆಯಾಗಿ ಮೂರು ವರ್ಷ ಕಳೆದಿತ್ತು. ನಾನು ಆ ಕಂಪನಿ ಬಿಟ್ಟಾಗಿತ್ತು. ಹಾಸನದ ಕಡೆಯ ಒಂದು ಆಸ್ಪತ್ರೆಯಲ್ಲಿ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ, ಡಿಸ್ಚಾರ್ಜ್ ದಿನ ಬಿಲ್ ಕಟ್ಟಲು ನಾನು ಹೋದೆ. ಚಿಕ್ಕಪ್ಪನ ಹೆಸರಿನಲ್ಲಿ ಊರು, ಅಪ್ಪ, ಮನೆದೇವರು ಮೂವರೂ ಇದ್ದಾರೆ.

ಕೌಂಟರಿನ ಹುಡುಗಿ ಪ್ರಿಂಟ್ ಒತ್ತಿದಳು. ರಸೀದಿ ಹೊರಬಂತು. ಆ ಫಾಂಟು, ಆ ಗೆರೆ, ಬಲಗಡೆಯ ಆ ಬಾರ್‌ಕೋಡು ಎಲ್ಲ ನನಗೆ ಪರಿಚಿತ. ನಾನು ಏನೂ ಹೇಳುವ ಮೊದಲೇ ಆಕೆ ದಾರ ಕಟ್ಟಿದ ನೀಲಿ ಪೆನ್ನು ಎತ್ತಿಕೊಂಡು, ಹೆಸರಿನ ಕತ್ತರಿಸಿದ ತುದಿಗೆ ಉಳಿದ ಅಕ್ಷರಗಳನ್ನು ದುಂಡಗೆ ಜೋಡಿಸಿ, ಪಕ್ಕದಲ್ಲಿ ಸಹಿ ಹಾಕಿ, ಮೇಲೊಂದು ಸೀಲು ಒತ್ತಿದಳು. ನೋಡದೆಯೇ ಮಾಡುವಷ್ಟು ರೂಢಿ.

‘ಇದ್ಯಾಕಮ್ಮ ಕೈಯಲ್ಲಿ ಬರೀತೀಯ?’

‘ಹೆಸ್ರು ಪೂರ್ತಿ ಬರಲ್ಲ ಸರ್ ಇದ್ರಲ್ಲಿ. ಹಂಗೇ ಕೊಟ್ರೆ ಇನ್ಶೂರೆನ್ಸ್‌ನೋರು ವಾಪಸ್ ಕಳಿಸ್ತಾರೆ. ಪಾಪ, ಹಳ್ಳಿಯೋರು ಮತ್ತೆ ಬಸ್ ಹತ್ಕೊಂಡು ಬರ್ಬೇಕು.’

‘ಕಂಪನಿಯವರಿಗೆ ಹೇಳಲಿಲ್ವಾ?’

ಆಕೆ ನನ್ನನ್ನು ಒಮ್ಮೆ ನೋಡಿದಳು. ‘ಯಾವ ಕಂಪನಿ ಸರ್? ಕಂಪ್ಯೂಟ್ರು ಇರೋದೇ ಹಿಂಗೆ.’

ಟಿಕೆಟ್ ಸಂಖ್ಯೆ ನನ್ನ ಬಾಯಿ ತುದಿಯಲ್ಲಿತ್ತು. ವರ್ಕ್‌ಅರೌಂಡ್ ಎಂಬ ಕಾಲಮ್ಮಿನಲ್ಲಿ ನಾನೇ ತುಂಬಿದ್ದ ಎರಡು ಪದವೂ ನೆನಪಿತ್ತು. ಬೇರೇನೋ ಕೇಳಿದೆ.

‘ದಿನಕ್ಕೆ ಎಷ್ಟು ಬರೀತೀಯ ಹೀಗೆ?’

‘ಎಣಿಸಕ್ಕೆ ಹೋಗಿಲ್ಲ ಸರ್’ ಎಂದು ಚಿಲ್ಲರೆ ಎಣಿಸಿ ಮುಂದೆ ಸರಿಸಿದಳು. ‘ಹದಿನೈದು ದಿನಕ್ಕೊಂದು ರೀಫಿಲ್ ಬೇಕು.’